ರಾಜ್ಯವಿಸ್ತಾರ ಬೇರೆ, ಮತವಿಸ್ತಾರ ಬೇರೆ

ಇಸ್ಲಾಮಿನ ಆದಿಕಾಲವನ್ನು ಕುರಿತ ನಮ್ಮ ಬರಹಗಳಲ್ಲಿ ಎರಡು ವಾಕ್ಯಗಳು ಮತ್ತೆ ಮತ್ತೆ ಎದುರಾಗುತ್ತವೆ. ಆ ಮತವು ಕತ್ತಿಯ ಮೊನೆಯಿಂದ ಹರಡಿತು ಎಂಬುದು ಒಂದು. ಸಮಾನತೆಯ ಸಂದೇಶಕ್ಕೆ ಜನ ತಾವಾಗಿ ಓಗೊಟ್ಟರು ಎಂಬುದು ಇನ್ನೊಂದು. ಪರಸ್ಪರ ವೈರಿಗಳಂತೆ ತೋರುವ ಇವೆರಡೂ ಒಂದೇ ದೋಷದ ಸಂತಾನಗಳು. ರಾಜ್ಯ ಹಬ್ಬಿದ್ದನ್ನೂ ಮತ ಹಬ್ಬಿದ್ದನ್ನೂ ಒಂದೇ ಘಟನೆಯೆಂದು ಭ್ರಮಿಸುವುದೇ ಆ ದೋಷ.

ರಾಜ್ಯವಿಸ್ತಾರ ಯುದ್ಧದಿಂದಲೇ ನಡೆಯಿತು. ಪ್ರವಾದಿ ಮುಹಮ್ಮದರು ನಿಧನರಾದದ್ದು 632ರಲ್ಲಿ. 636ರ ಯರ್ಮೂಕ್ ಕದನದ ತರುವಾಯ ಸಿರಿಯಾ ಬೈಜಾಂಟೈನರ ಕೈತಪ್ಪಿತು. 642ರ ಹೊತ್ತಿಗೆ ಈಜಿಪ್ಟ್ ಅರಬರ ವಶವಾಗಿತ್ತು. ಅದೇ ವರ್ಷ ನಹಾವಂದ್‌ನಲ್ಲಿ ಸಸಾನಿ ಸಾಮ್ರಾಜ್ಯದ ಬೆನ್ನು ಮುರಿಯಿತು. ಆ ಎರಡೂ ಸಾಮ್ರಾಜ್ಯಗಳು 602ರಿಂದ 628ರವರೆಗೆ ಪರಸ್ಪರ ಕಾದಾಡಿ ಬಸವಳಿದಿದ್ದವು. ಈ ರಕ್ತಪಾತವನ್ನು ಮರೆಮಾಚುವುದು ಸೌಹಾರ್ದವಲ್ಲ, ಇತಿಹಾಸಕ್ಕೆ ಬಗೆಯುವ ದ್ರೋಹ.

ಆದರೆ ಗೆದ್ದವರು ಸೋತವರನ್ನೆಲ್ಲ ಒಡನೆಯೇ ಮತಾಂತರಿಸಿದರೆ? ಆಕರಗಳು ಬೇರೆಯದನ್ನೇ ಹೇಳುತ್ತವೆ. ಅರಬ್ ಸೈನಿಕರು ಬಸ್ರಾ, ಕೂಫಾ, ಫುಸ್ತಾತ್‌ಗಳಂಥ ಪಾಳೆಯ ಪಟ್ಟಣಗಳಲ್ಲಿ ಪ್ರತ್ಯೇಕವಾಗಿ ನೆಲೆಸಿದರು. 643ರ ಒಂದು ಪಪೈರಸ್ ಈಜಿಪ್ಟಿನಲ್ಲಿ ಉಳಿದುಬಂದಿದೆ: ಸೈನ್ಯಕ್ಕೆಂದು ಕುರಿಗಳನ್ನು ಪಡೆದುದಕ್ಕೆ ಗ್ರೀಕ್ ಮತ್ತು ಅರಬ್ಬೀ ಎರಡರಲ್ಲಿಯೂ ಬರೆದುಕೊಟ್ಟ ರಸೀತಿ ಅದು. ಹಳೆಯ ಲೆಕ್ಕಪತ್ರ ವ್ಯವಸ್ಥೆ ಹಾಗೆಯೇ ಮುಂದುವರಿದಿತ್ತು. ಆಡಳಿತವನ್ನು ಅರಬ್ಬೀಕರಿಸುವ ಕಾರ್ಯ ಬಿರುಸುಗೊಂಡದ್ದು ಖಲೀಫ ಅಬ್ದುಲ್ ಮಲಿಕನ ಕಾಲದಲ್ಲಿ (685–705). ಮತಾಂತರಗೊಂಡು ನಗರಗಳಿಗೆ ಬಂದ ರೈತರನ್ನು ಇರಾಕಿನ ರಾಜ್ಯಪಾಲ ಹಜ್ಜಾಜ್ ಮರಳಿ ಹಳ್ಳಿಗಟ್ಟಿದನು. ಅವರು ನೆಲ ಬಿಟ್ಟರೆ ಕಂದಾಯ ಕುಸಿಯುತ್ತಿತ್ತು. ಇರಾನಿನ ಚರಿತ್ರಕೋಶಗಳಲ್ಲಿನ ವಂಶಾವಳಿಗಳನ್ನು ಎಣಿಸಿ ರಿಚರ್ಡ್ ಬುಲಿಯೆಟ್ 1979ರಲ್ಲಿ ತೋರಿಸಿದಂತೆ, ಅಲ್ಲಿನ ಮತಾಂತರ ತಲೆಮಾರುಗಳ ಕಾಲ ಸಾಗಿದ ಪ್ರಕ್ರಿಯೆ.

ಹಾಗೆಂದು ಎರಡನೆಯ ವಾಕ್ಯಕ್ಕೆ ಜಯ ದೊರೆಯಿತೆಂದು ಭಾವಿಸಬೇಕಿಲ್ಲ. ಅರಬೇತರ ನವಮುಸ್ಲಿಮರು ‘ಮವಾಲಿ’ಗಳೆನಿಸಿ ಅರಬ್ ಕುಲಗಳ ಆಶ್ರಿತರಾಗಿ ಬದುಕಿದರು, ಅನೇಕ ಕಡೆ ಅವರಿಂದ ಜಿಜಿಯಾ ವಸೂಲಿಯೂ ನಡೆದಿತ್ತು. ಅದನ್ನು ನಿಲ್ಲಿಸಲು ಎರಡನೆಯ ಉಮರ್ (717–720) ಆಜ್ಞೆ ಹೊರಡಿಸಬೇಕಾಯಿತು. 750ರಲ್ಲಿ ಉಮಯ್ಯದರನ್ನು ಉರುಳಿಸಿದ ಅಬ್ಬಾಸಿ ಕ್ರಾಂತಿಗೆ ಅವರ ಅಸಮಾಧಾನವೂ ಇಂಧನವಾಯಿತು. ಸಂದೇಶದಲ್ಲಿದ್ದ ಸಮಾನತೆ ರಾಜ್ಯದ ನಡೆಯಲ್ಲಿ ಇರಲಿಲ್ಲ.

ಇನ್ನು ಆಕರಗಳ ಪ್ರಶ್ನೆ. ಪ್ರವಾದಿಯ ಚರಿತ್ರೆಯನ್ನು ಬರೆದ ಇಬ್ನ್ ಇಸ್‌ಹಾಕ್ ತೀರಿಕೊಂಡದ್ದು 767ರ ಸುಮಾರಿಗೆ. ಆ ಕೃತಿ ನಮಗೆ ದೊರೆಯುವುದು ಮುಖ್ಯವಾಗಿ ಇಬ್ನ್ ಹಿಶಾಮನ ಪರಿಷ್ಕರಣದಲ್ಲಿ. ತಬರಿಯ ಕಾಲ ಇನ್ನೂ ಈಚಿನದು. ಇಂಥ ಗ್ರಂಥಗಳಿಂದ ಒಬ್ಬರು ಹಿಂಸೆಯ ಪ್ರಸಂಗಗಳನ್ನೂ ಮತ್ತೊಬ್ಬರು ಕರುಣೆಯ ಪ್ರಸಂಗಗಳನ್ನೂ ಆಯ್ದು ಪ್ರತ್ಯಕ್ಷ ಸಾಕ್ಷ್ಯವೆಂಬಂತೆ ಉದ್ಧರಿಸುತ್ತಾರೆ. ತಡವಾಗಿ ಬರೆದುದೆಲ್ಲ ಕಟ್ಟುಕತೆ ಎನ್ನುವ ಮೂರನೆಯ ಪಂಗಡವೂ ಉಂಟು. ಅವರು ಬರ್ಮಿಂಗ್‌ಹ್ಯಾಮಿನ ಕುರಾನ್ ಹಾಳೆಗಳನ್ನು ಗಮನಿಸಬೇಕು. ಇಂಗಾಲದ ಪರೀಕ್ಷೆ ಅವುಗಳ ಚರ್ಮಪತ್ರವನ್ನು 568–645ರ ನಡುವೆ ಇರಿಸುತ್ತದೆ.

ಜೈನ ಸಾಹಿತ್ಯವನ್ನು ಓದುವವರಿಗಂತೂ ಈ ಸಮಸ್ಯೆ ಹೊಸದಲ್ಲ. ಭದ್ರಬಾಹುವಿನ ವಿಚಾರ ಹೇಳುವ ಶ್ರವಣಬೆಳಗೊಳದ ಪ್ರಾಚೀನ ಶಾಸನ ಕ್ರಿ.ಶ. 600ರ ಆಸುಪಾಸಿನದು, ಪರಂಪರೆ ಆತನನ್ನು ಇರಿಸುವುದು ಅದಕ್ಕೂ ಸುಮಾರು ಒಂಬತ್ತು ಶತಮಾನಗಳ ಹಿಂದೆ. ನಾವು ಅದನ್ನು ಕಸವೆಂದು ಎಸೆಯಲೂ ಇಲ್ಲ, ಕಣ್ಣುಮುಚ್ಚಿ ಒಪ್ಪಲೂ ಇಲ್ಲ. ಕಾವ್ಯ, ಶಾಸನ, ಸ್ಥಳೈತಿಹ್ಯಗಳನ್ನು ಒಂದರ ಪಕ್ಕ ಒಂದಿರಿಸಿ ತೂಗುತ್ತ ಬಂದಿದ್ದೇವೆ. ನಮ್ಮ ಪರಂಪರೆಗೆ ಬಳಸುವ ತಕ್ಕಡಿಯನ್ನು ನೆರೆಯವರ ಪರಂಪರೆಗೆ ನಿರಾಕರಿಸಿ ಅನೇಕಾಂತದ ಹೆಸರೆತ್ತುವುದು ಆತ್ಮವಂಚನೆ.

ಆದ್ದರಿಂದ ಸಂಶೋಧನ ವಿದ್ಯಾರ್ಥಿಗಳು ‘ಇಸ್ಲಾಂ ಹರಡಿತು’ ಎಂದು ಬರೆಯುವ ಮುನ್ನ ಹರಡಿದ್ದು ಸೈನ್ಯವೋ, ಕಂದಾಯವೋ, ಭಾಷೆಯೋ, ಶ್ರದ್ಧೆಯೋ ಎಂಬುದನ್ನು ನಿರ್ದಿಷ್ಟಪಡಿಸಲಿ; ಯಾವ ಪ್ರಾಂತದಲ್ಲಿ, ಯಾವ ದಶಕದಲ್ಲಿ, ಯಾವ ಆಕರದ ಬಲದಿಂದ ಎಂಬುದನ್ನೂ ಹೇಳಲಿ. ಇಷ್ಟಕ್ಕೂ ಉತ್ತರವಿಲ್ಲದ ವಾಕ್ಯವನ್ನು ಪ್ರಬಂಧದಿಂದ ಹೊಡೆದುಹಾಕುವುದೇ ಲೇಸು.