‘ಸ್ವೀಕರಿಸಲಾಯಿತು’

ಬೈಲಹೊಂಗಲ ಸೀಮೆಯ ಒಂದು ಸಹಕಾರಿ ಸಂಘದ ಆಡಳಿತ ಮಂಡಳಿಯ ಸಭೆ. ಗೋದಾಮು ದುರಸ್ತಿಯ ಉಪಸಮಿತಿ ಎಂಟು ಪುಟದ ವರದಿ ಓದಿತು. ಕೊನೆಯ ಪುಟ ಮಗುಚುವುದರೊಳಗೆ ಹಿರಿಯ ನಿರ್ದೇಶಕರೊಬ್ಬರು, “ಓದಿ ಆತಲ್ರಿ, ಮತ್ತೇನ್ ಚರ್ಚಾ? ಸ್ವೀಕರಿಸೇವಿ ಅಂತ ಬರ್ಕೋರಿ ಸೆಕ್ರೆಟರಿ” ಅಂದರು. ಸೆಕ್ರೆಟರಿ ಬರೆದುಕೊಂಡರು. ಚಹಾ ಬಂತು. ಗೋದಾಮಿನ ತಗಡು ಬದಲಾಗುತ್ತದೋ ಇಲ್ಲವೋ ಎಂಬುದು ಮಾತ್ರ ಆ ಠರಾವಿನಲ್ಲಿ ಇರಲಿಲ್ಲ.

ಕೆಲಸ ತಪ್ಪಿಸಲಿಕ್ಕೇ ಸಮಿತಿ ಮಾಡುತ್ತಾರೆ ಎಂದು ಗೊಣಗುವುದು ಈಗಿನ ಫ್ಯಾಷನ್ನು. ನಾನು ಒಪ್ಪುವುದಿಲ್ಲ. ಆ ಉಪಸಮಿತಿ ಬಿಸಿಲಲ್ಲಿ ಏಣಿ ಹತ್ತಿ ತೂತು ಎಣಿಸಿ ಬಂದಿತ್ತು. ವರದಿಯನ್ನು ಕೊಂದದ್ದು ಠರಾವು ಪುಸ್ತಕದ ಒಂದು ಕ್ರಿಯಾಪದ. ‘ಸ್ವೀಕರಿಸಲಾಯಿತು’ ಅಂದರೆ ಕೈಗೆ ತಗೊಂಡೆವು ಅಂತಲೋ, ಒಪ್ಪಿದೆವು ಅಂತಲೋ, ಮಾಡುತ್ತೇವೆ ಅಂತಲೋ? ನಾಳೆ ಯಾರಿಗೆ ಯಾವ ಅರ್ಥ ಬೇಕೋ ಅದು.

ಹೆನ್ರಿ ರಾಬರ್ಟ್ ಎಂಬ ಅಮೆರಿಕದ ಸೇನಾ ಎಂಜಿನಿಯರ್ 1876ರಲ್ಲಿ ಸಭಾ ನಿಯಮಗಳ ಪುಸ್ತಕ ಬರೆದ. ಆ ಪರಂಪರೆಯ ಪ್ರಕಾರ, ವರದಿ ಓದಿಸಿಕೊಂಡರೆ ಸ್ವೀಕಾರ ಮುಗಿದೇ ಹೋಯಿತು. ಅದಕ್ಕೆ ಠರಾವೇ ಬೇಡ. ಠರಾವು ಬೇಕಾದದ್ದು ಶಿಫಾರಸುಗಳಿಗೆ. ವರದಿ ಓದಿದವರೇ ಅವನ್ನು ಸಭೆಯ ಮುಂದೆ ಸೂಚನೆಯಾಗಿ ಇಡಬೇಕು. ಒಬ್ಬರಿಗಿಂತ ಹೆಚ್ಚು ಜನರ ಸಮಿತಿಯಾದರೆ ಅನುಮೋದಕರೂ ಬೇಡ. ಇಡೀ ವರದಿಯನ್ನೇ ಅಂಗೀಕರಿಸಿದರೆ ಅದರ ಪ್ರತಿ ಸಾಲೂ ಸಭೆಯ ಸ್ವಂತ ಮಾತಾಗುತ್ತದೆ. ಹಾಗಾಗಿ ಆ ಪುಸ್ತಕ ಅದನ್ನು ಸುಲಭಕ್ಕೆ ಮಾಡಗೊಡುವುದಿಲ್ಲ.

ಈ ಕೊನೆಯ ಮಾತಿನ ತೂಕ ನಮ್ಮ ಜಿಲ್ಲೆಗೆ ಗೊತ್ತಿರಬೇಕಿತ್ತು. ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್ ಚಂದ್ ಮಹಾಜನರ ಆಯೋಗ ಗಡಿ ತಂಟೆ ಬಿಡಿಸಲು 1966ರಲ್ಲಿ ನೇಮಕವಾಯಿತು, 1967ರಲ್ಲಿ ವರದಿ ಕೊಟ್ಟಿತು. ಬೆಳಗಾವಿ ನಮ್ಮದೇ ಎಂದಿತು. ಮಹಾರಾಷ್ಟ್ರ ತಿರಸ್ಕರಿಸಿತು, ‘ಮಹಾಜನ ವರದಿಯೇ ಅಂತಿಮ’ ಎಂದು ನಾವು ಅಂದಿನಿಂದ ಘೋಷಣೆ ಕೂಗುತ್ತಿದ್ದೇವೆ. ಹಾಗೆ ಕೂಗುವವರಲ್ಲಿ ಎಷ್ಟು ಮಂದಿ ಅದನ್ನು ಬಿಚ್ಚಿ ನೋಡಿದ್ದಾರೆ? ನಮಗೆ 247 ಹಳ್ಳಿ ಬರಬೇಕು ಎಂದ ಆ ವರದಿಯೇ 264 ಹಳ್ಳಿ ಅತ್ತ ಹೋಗಬೇಕು ಎಂದಿತ್ತು. ನಿಪ್ಪಾಣಿಯೂ ಅದರಲ್ಲಿತ್ತು, ಕಿತ್ತೂರಿನ ಮಗ್ಗುಲಿನ ಖಾನಾಪುರ ತಾಲೂಕಿನ ಹಳ್ಳಿಗಳೂ ಇದ್ದವು. ಚಂದ್ರಗಿರಿ ಹೊಳೆಯ ಉತ್ತರಕ್ಕಿರುವ ಕಾಸರಗೋಡು ನಮ್ಮ ಪಾಲಿಗೆ ಎಂದಿದ್ದನ್ನು ನೆನೆಯುವವರಿಗೆ ನಿಪ್ಪಾಣಿ ಮರೆತೇಹೋಗುತ್ತದೆ.

ಇಲ್ಲಿ ಎದುರು ವಾದವೊಂದುಂಟು, ಗಟ್ಟಿಯಾದದ್ದೇ. ಕೊಡು-ಕೊಳ್ಳುವ ವರದಿ ಒಂದು ಗೋಡೆಯಿದ್ದಂತೆ, ಬೇಕಾದ ಕಲ್ಲು ಮಾತ್ರ ಕಿತ್ತುಕೊಂಡರೆ ಉಳಿದದ್ದು ಬೀಳುತ್ತದೆ. ಆಯ್ದು ಆಯ್ದು ಒಪ್ಪುತ್ತಾ ಹೋದರೆ ನಾಳೆ ಯಾರು ತಾನೆ ಸಮಿತಿಗೆ ಬರುತ್ತಾರೆ? ನಿಜ. ಹಾಗಾದರೆ ಇಡಿಯಾಗಿಯೇ ಒಪ್ಪೋಣ, ಆದರೆ ಕಳಕೊಳ್ಳುವುದನ್ನೂ ಬಾಯಿಬಿಟ್ಟು ಓದಿ, ಕೈ ಎತ್ತಿಸಿ ಒಪ್ಪೋಣ. ಹತ್ತು-ಹನ್ನೆರಡು ಮಂದಿಯ ಮಂಡಳಿಗೆ ಪಾರ್ಲಿಮೆಂಟಿನ ಶಿಸ್ತು ಯಾಕೆ ಎಂಬ ಮಾತನ್ನೂ ಅರ್ಧ ಒಪ್ಪುತ್ತೇನೆ. ಎದ್ದು ನಿಂತು ಮಾತಾಡುವುದು ಬೇಡ, ಕೂತೇ ಮಾತಾಡಲಿ. ಠರಾವು ಮಾತ್ರ ಸ್ಪಷ್ಟವಿರಲಿ. ವರದಿ ಓದುವುದೇ ಹೊತ್ತು ಹಾಳು ಅನ್ನುವವರು ನಿರ್ದೇಶಕರಾಗಿ ಆರಿಸಿ ಬಂದದ್ದೇ ತಪ್ಪು.

ಒಪ್ಪಿದ ಮೇಲೂ ತೇದಿ ಬರೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ರಾಜ್ಯದ ಪ್ರಾದೇಶಿಕ ಅಸಮಾನತೆ ಅಳೆದ ಡಿ.ಎಂ. ನಂಜುಂಡಪ್ಪ ಸಮಿತಿ ಇದೆ. ಅದು 2002ರಲ್ಲಿ 114 ತಾಲೂಕು ಹಿಂದುಳಿದಿವೆ ಎಂದು ಲೆಕ್ಕ ಹಾಕಿ, 8 ವರ್ಷದಲ್ಲಿ 31,000 ಕೋಟಿ ರೂಪಾಯಿ ಖರ್ಚು ಮಾಡಿರಿ ಎಂದಿತ್ತು. ವಿಶೇಷ ಅಭಿವೃದ್ಧಿ ಯೋಜನೆ ಶುರುವಾದದ್ದು 2007-08ರಲ್ಲಿ. ಎಂಟು ವರ್ಷದ ಲೆಕ್ಕದಲ್ಲಿ ಐದು ಕಾಯುವುದರಲ್ಲೇ ಹೋದವು.

ಆ ಸಂಘದ ಸೆಕ್ರೆಟರಿಗೆ ಹೇಳಿ ಬಂದೆ: ಮುಂದಿನ ಸಭೆಯಲ್ಲಿ ಗೋದಾಮಿನದು ಮೂರು ಠರಾವು ಬರೀರಿ. ತಗಡು ಎಷ್ಟು, ರೊಕ್ಕ ಯಾವ ಖಾತೆಯಿಂದ, ಯಾವ ತೇದಿಯೊಳಗೆ. “ಮೂರಕ್ಕೂ ಸೂಚಕರು ಯಾರ್ ಆಗ್ತಾರ್ರಿ?” ಅಂತ ಕೇಳಿದರು. ಏಣಿ ಹತ್ತಿದವರು, ಅಂದೆ.