ನಮ್ಮ ಮ್ಯಾಂಚೆಸ್ಟರ್‌ಗೂ ಒಂದು ಬ್ಯಾಂಡ್ ಬೇಕು

‘ಹೊಸ ಅಲೆ’ ಅಂದ ಕೂಡಲೇ ನಮ್ಮ ಹಿರಿಯರಿಗೆ ನೆನಪಾಗುವುದು ಸಿನಿಮಾ. 1970ರ ‘ಸಂಸ್ಕಾರ’, 1977ರ ‘ಘಟಶ್ರಾದ್ಧ’. ಸಂಗೀತದಲ್ಲೂ ಒಂದು ಹೊಸ ಅಲೆ ಇತ್ತು. ‘ಘಟಶ್ರಾದ್ಧ’ ಬಂದ ಹೊತ್ತಿಗೇ ಇಂಗ್ಲೆಂಡ್, ಅಮೆರಿಕದಲ್ಲಿ ನಮ್ಮ ವಯಸ್ಸಿನ ಹುಡುಗ–ಹುಡುಗಿಯರು ಎಬ್ಬಿಸಿದ ಅಲೆ ಅದು. ಫ್ರೆಂಚ್ ಸಿನಿಮಾದ ಹೆಸರನ್ನೇ ಎರವಲು ತಂದು ಅದಕ್ಕೆ ‘ನ್ಯೂ ವೇವ್’ ಎಂದರು. ಅದರ ಒಡಹುಟ್ಟು, ಸ್ವಲ್ಪ ಗಂಭೀರ ಸ್ವಭಾವದ್ದು, ‘ಪೋಸ್ಟ್–ಪಂಕ್’. ನಾನು ಇವೆರಡರ ಅಭಿಮಾನಿ. ಕೆಲಸ ಹುಡುಕುತ್ತಿರುವ ನಮ್ಮ ಪೀಳಿಗೆ ಈ ಸಂಗೀತವನ್ನು ಒಮ್ಮೆಯಾದರೂ ಕೇಳಬೇಕು ಎನ್ನುವುದು ನನ್ನ ವಾದ.

ಮೊದಲು ಬಂದಿದ್ದು ಪಂಕ್. ಮೂರೇ ಕಾರ್ಡ್, ವಿಪರೀತ ವೇಗ, ಕೂಗು, ಸಿಟ್ಟು. ಆ ಸಿಟ್ಟಿನ ಕಾವು ಇಳಿದ ಮೇಲೆ ಬಂದವರು ಪಂಕ್‌ನ ಧೈರ್ಯವನ್ನು ಇಟ್ಟುಕೊಂಡು ಕೂಗನ್ನು ಬಿಟ್ಟರು. ಹಿಂದೆ ನಿಲ್ಲುತ್ತಿದ್ದ ಬೇಸ್ ಗಿಟಾರ್ ಮುಂದೆ ಬಂತು. ವಾದ್ಯಗಳ ನಡುವೆ ಖಾಲಿ ಜಾಗ ಉಳಿಯಿತು. ಗಾಯಕ ಹಾಡುವುದಕ್ಕಿಂತ ಮಾತನಾಡಿದಂತೆ ಕೇಳಿಸುತ್ತದೆ. ನ್ಯೂ ವೇವ್ ಇದಕ್ಕೆ ಸಿಂಥಸೈಸರ್ ಸೇರಿಸಿ ಕುಣಿಯುವಂತೆ ಮಾಡಿತು.

ಇದರ ಹುಟ್ಟಿನ ಕಥೆಯೇ ನನಗೆ ಹೆಚ್ಚು ಇಷ್ಟ. 1976ರ ಜೂನ್ 4ರಂದು ಮ್ಯಾಂಚೆಸ್ಟರ್‌ನ ಒಂದು ಸಣ್ಣ ಸಭಾಂಗಣದಲ್ಲಿ ‘ಸೆಕ್ಸ್ ಪಿಸ್ಟಲ್ಸ್’ ಎಂಬ ಪಂಕ್ ತಂಡ ಹಾಡಿತು. ಕೇಳಲು ಬಂದವರು ಕೆಲವೇ ಹತ್ತು ಮಂದಿ. ಅವರಲ್ಲಿ ಬರ್ನಾರ್ಡ್ ಸಮ್ನರ್, ಪೀಟರ್ ಹುಕ್ ಎಂಬ ಇಬ್ಬರು ಗೆಳೆಯರೂ ಇದ್ದರು. ಮರುದಿನವೇ ಹುಕ್ ಒಂದು ಬೇಸ್ ಗಿಟಾರ್ ಕೊಂಡ. ನುಡಿಸಲು ಬರುತ್ತಿರಲಿಲ್ಲ! ಮುಂದೆ ಇವರ ತಂಡ ‘ಜಾಯ್ ಡಿವಿಷನ್’ ಆಯಿತು, 1979ರಲ್ಲಿ ‘ಅನ್‌ನೋನ್ ಪ್ಲೆಷರ್ಸ್’ ಆಲ್ಬಂ ಬಂತು. ಹುಕ್‌ನ ಆಂಪ್ಲಿಫೈಯರ್ ಕಳಪೆ, ಪಕ್ಕದಲ್ಲಿ ಸಮ್ನರ್‌ನ ಗಿಟಾರ್ ಜೋರು. ಮೇಲಿನ ಸ್ವರಗಳಲ್ಲಿ ನುಡಿಸಿದರೆ ಮಾತ್ರ ಅವನ ವಾದ್ಯ ಅವನಿಗೇ ಕೇಳಿಸುತ್ತಿತ್ತು. ಹಾಗೆ ನುಡಿಸುತ್ತಾ ಬೇಸ್ ಗಿಟಾರೇ ರಾಗ ಹಾಡತೊಡಗಿತು. ಕೊರತೆಯೇ ಶೈಲಿಯಾಯಿತು. ನ್ಯೂಯಾರ್ಕ್‌ನ ‘ಟಾಕಿಂಗ್ ಹೆಡ್ಸ್’ ತಂಡದ ಟೀನಾ ವೇಮೌತ್ ಕೂಡ ತಂಡಕ್ಕಾಗಿಯೇ ಬೇಸ್ ಕಲಿತವಳು. ಮ್ಯಾಂಚೆಸ್ಟರ್‌ನ ‘ಬಜ್‌ಕಾಕ್ಸ್’ ತಂಡ ಆಪ್ತರಿಂದ 500 ಪೌಂಡ್ ಸಾಲ ತಂದು 1977ರಲ್ಲಿ ತನ್ನ ಮೊದಲ ರೆಕಾರ್ಡನ್ನು ತಾನೇ ಹೊರತಂದಿತು. ದೊಡ್ಡ ಕಂಪನಿಯ ಬಾಗಿಲು ಕಾಯಲಿಲ್ಲ.

ಆಗ ಅವರ ಊರುಗಳ ಸ್ಥಿತಿ ಹೇಗಿತ್ತು? ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚಿದ್ದವು. 1982ರ ಜನವರಿಯಲ್ಲಿ ಬ್ರಿಟನ್ನಿನ ನಿರುದ್ಯೋಗಿಗಳ ಸಂಖ್ಯೆ 30 ಲಕ್ಷ ದಾಟಿತ್ತು. ಕಾರು ತಯಾರಿಸುತ್ತಿದ್ದ ಕೊವೆಂಟ್ರಿ ನಗರದ ‘ಸ್ಪೆಷಲ್ಸ್’ ತಂಡ 1981ರಲ್ಲಿ ‘ಘೋಸ್ಟ್ ಟೌನ್’ ಹಾಡಿತು. ಪಾಳು ಬೀಳುತ್ತಿರುವ ಊರಿನ ಬಗೆಗಿನ ಆ ಹಾಡು ಇಡೀ ದೇಶದಲ್ಲಿ ಮೊದಲ ಸ್ಥಾನಕ್ಕೇರಿತು. ಬರ್ಮಿಂಗ್‌ಹ್ಯಾಮ್‌ನ ಒಂದು ತಂಡವಂತೂ ನಿರುದ್ಯೋಗ ಭತ್ಯೆಯ ಅರ್ಜಿ ನಮೂನೆಯ ಹೆಸರನ್ನೇ ತಾನಿಟ್ಟುಕೊಂಡಿತು: ‘ಯುಬಿ 40’.

ಈಗ ನಮ್ಮ ಕಡೆಗೆ ಬನ್ನಿ. ಐಮಂಗಲದಿಂದ ಹೆದ್ದಾರಿ ಹಿಡಿದು ಚಿತ್ರದುರ್ಗ ದಾಟಿದರೆ ಸಿಗುವ ದಾವಣಗೆರೆಗೆ ಒಂದು ಕಾಲದಲ್ಲಿ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂದೇ ಹೆಸರು. ಕಾರಣ ಅದೇ ಹತ್ತಿ ಗಿರಣಿಗಳು. ಗಿರಣಿ ಕಾರ್ಮಿಕರ ನಾಯಕ ಪಂಪಾಪತಿ ಅವರನ್ನು ವಿಧಾನಸಭೆಗೆ ಕಳಿಸಿದ ಊರು ಅದು. ಅಲ್ಲಿಯೂ ಗಿರಣಿಗಳು ಮುಚ್ಚಿದವು, ಸೈರನ್ ನಿಂತಿತು. ಇವತ್ತು ದಾವಣಗೆರೆ ಎಂದರೆ ಬೆಣ್ಣೆದೋಸೆ ಮತ್ತು ಕಾಲೇಜುಗಳು. ಆ ಮ್ಯಾಂಚೆಸ್ಟರ್ ತನ್ನ ಮುಚ್ಚಿದ ಗಿರಣಿಗಳ ನಡುವೆ ನಿಂತು ಹಾಡಿತು. ಈ ಮ್ಯಾಂಚೆಸ್ಟರ್‌ನ ಕಾಲೇಜುಗಳಲ್ಲಿ ಓದುತ್ತಿರುವವರು ಯಾವ ಹಾಡು ಕಟ್ಟಿದ್ದೇವೆ? ಕಾಲೇಜು ಫೆಸ್ಟ್‌ಗಳಲ್ಲಿ ಸಿನಿಮಾ ಹಾಡುಗಳಿಗೆ ಹೆಜ್ಜೆ ಹಾಕುತ್ತೇವೆ, ಅಷ್ಟೆ.

‘ಇದೆಲ್ಲ ಪರದೇಶದ ಸರಕು, ನಮಗ್ಯಾಕೆ?’ ಎನ್ನಬಹುದು. ಅವರದ್ದೂ ಪೂರ್ತಿ ಸ್ವಂತದ್ದಲ್ಲ. ಪೋಸ್ಟ್–ಪಂಕ್‌ನ ಬೇಸ್ ಬಂದಿದ್ದು ಜಮೈಕಾದ ಡಬ್ ಸಂಗೀತದಿಂದ. ಟಾಕಿಂಗ್ ಹೆಡ್ಸ್‌ನ 1980ರ ‘ರಿಮೇನ್ ಇನ್ ಲೈಟ್’ ಆಲ್ಬಂನ ತಾಳಗಳ ಹಿಂದೆ ನೈಜೀರಿಯಾದ ಫೆಲಾ ಕುಟಿ ಇದ್ದಾರೆ. ನಮ್ಮವರೇ ಆದ ರಘು ದೀಕ್ಷಿತ್ ಗಿಟಾರ್ ಹಿಡಿದು ಶಿಶುನಾಳ ಷರೀಫರನ್ನು ಹಾಡಿದಾಗ ಯಾರಿಗೂ ಅದು ಪರದೇಶದ್ದು ಅನ್ನಿಸಲಿಲ್ಲ. ಅದಕ್ಕೂ ಹಿಂದೆ, 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು. ಜಾಯ್ ಡಿವಿಷನ್ ಆಲ್ಬಂ ಬಂದ 1979ರಲ್ಲೇ ಇಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ತಮಟೆ ಹಿಡಿದು ಬೀದಿಯಲ್ಲಿ ಹಾಡಿದ ಆ ಯುವಕರನ್ನು ‘ಸಂಗೀತದಲ್ಲಿ ಜೂನಿಯರ್ ಪರೀಕ್ಷೆ ಪಾಸಾಗಿದ್ದೀರಾ?’ ಎಂದು ಯಾರೂ ಕೇಳಲಿಲ್ಲ. ಹೇಳುವುದಿತ್ತು, ಹಾಡಿದರು. ಎರಡೂ ಕಡೆಯವರು ಒಬ್ಬರನ್ನೊಬ್ಬರು ಕೇಳಿರಲಾರರು. ಆದರೂ ನನ್ನ ಕಿವಿಗೆ ಅವರು ನೆಂಟರೇ.

‘ಈ ಸಂಗೀತದಲ್ಲಿ ಬರೀ ದುಃಖ’ ಎಂಬ ಆಕ್ಷೇಪವೂ ಇದೆ. ಇದನ್ನು ಹಗುರವಾಗಿ ತಳ್ಳಿಹಾಕಲಾರೆ. ಮೂರ್ಛೆರೋಗ, ಖಿನ್ನತೆಯಿಂದ ನರಳುತ್ತಿದ್ದ ಜಾಯ್ ಡಿವಿಷನ್ ಗಾಯಕ ಇಯಾನ್ ಕರ್ಟಿಸ್ 1980ರಲ್ಲಿ ತನ್ನ ಜೀವವನ್ನು ತಾನೇ ಕಳೆದುಕೊಂಡ. ಆಗ ಅವನಿಗೆ 23 ವರ್ಷ. ಆ ಸಾವನ್ನು ವೈಭವೀಕರಿಸುವ ಅಭಿಮಾನಿಗಳ ಜೊತೆ ನಾನಿಲ್ಲ. ಅವನ ನೋವಿಗೆ ಬೇಕಿದ್ದದ್ದು ಚಪ್ಪಾಳೆಯಲ್ಲ, ಚಿಕಿತ್ಸೆ ಮತ್ತು ಜೊತೆ. ನಾನು ಮೆಚ್ಚುವುದು ಉಳಿದವರು ಮಾಡಿದ್ದನ್ನು. ಮೂವರು ಗೆಳೆಯರು ‘ನ್ಯೂ ಆರ್ಡರ್’ ಎಂಬ ಹೊಸ ಹೆಸರಿನಲ್ಲಿ ಒಂದಾದರು, ಇನ್ನೊಬ್ಬಳನ್ನು ಸೇರಿಸಿಕೊಂಡರು. 1983ರಲ್ಲಿ ಡ್ರಮ್ ಮಷಿನ್, ಸಿಂಥಸೈಸರ್ ಇಟ್ಟುಕೊಂಡು ‘ಬ್ಲೂ ಮಂಡೇ’ ಮಾಡಿದರು. ಜಗತ್ತು ಇಂದಿಗೂ ಅದಕ್ಕೆ ಕುಣಿಯುತ್ತಿದೆ.

ನಮ್ಮ ಭಯಗಳು ನಮಗೆ ಗೊತ್ತಿವೆ. ಪ್ಲೇಸ್‌ಮೆಂಟ್ ಪಟ್ಟಿಯಲ್ಲಿ ಹೆಸರು ಇರುತ್ತೋ ಇಲ್ಲವೋ, ನೇಮಕಾತಿ ಅಧಿಸೂಚನೆ ಯಾವಾಗ, ಮನೆಯವರಿಗೆ ಏನು ಹೇಳೋದು. ಇವನ್ನೆಲ್ಲ ಸ್ಟೇಟಸ್‌ನಲ್ಲಿ ಬೇರೆಯವರ ಹಾಡು ಹಾಕಿ ಹೇಳಿಕೊಳ್ಳುತ್ತೇವೆ. ನಮ್ಮದೇ ಮಾತಿನಲ್ಲಿ, ಹಿರಿಯೂರು ಸೀಮೆಯ ಕನ್ನಡದಲ್ಲಿ ಯಾಕೆ ಹೇಳಬಾರದು? ನ್ಯೂ ಆರ್ಡರ್ ದುಡ್ಡು ಸುರಿದು ಕೊಂಡ ಡ್ರಮ್ ಮಷಿನ್ ಇವತ್ತು ನಮ್ಮ ಫೋನ್‌ನಲ್ಲಿ ಉಚಿತ ಆ್ಯಪ್. ಹಾಡಿದರೆ ಕೆಲಸ ಸಿಗುತ್ತದೆ ಎಂದು ನಾನು ಹೇಳುತ್ತಿಲ್ಲ. ಕೆಲಸ ಸಿಗುವವರೆಗೆ ಬಾಯಿ ಮುಚ್ಚಿಕೊಂಡಿರಬೇಕಿಲ್ಲ ಎನ್ನುತ್ತಿದ್ದೇನೆ. ಅವರು ಅರ್ಜಿ ನಮೂನೆಯ ಹೆಸರಿಟ್ಟುಕೊಂಡರು. ನಮಗೆ ‘ಹಾಲ್ ಟಿಕೆಟ್’ ಇದೆ, ‘ಬ್ಯಾಕ್‌ಲಾಗ್’ ಇದೆ. ಹೆಸರಿಗಂತೂ ಬರವಿಲ್ಲ. ಬೇಸ್ ನುಡಿಸಲು ಯಾರು ಬರ್ತೀರಿ?