ಪ್ರಮಾಣಪತ್ರ ಇದೆ, ಸುದ್ದಿ ಎಲ್ಲಿ?

ಪದವಿ ಮುಗಿಯುತ್ತಿದ್ದಂತೆ ಮೊಬೈಲ್ ತುಂಬ ‘ಮೂರೇ ತಿಂಗಳಲ್ಲಿ ಪತ್ರಕರ್ತರಾಗಿ’ ಎಂಬಂಥ ಜಾಹೀರಾತುಗಳು. ಟ್ಯೂಷನ್ ಹೇಳಿ ಕೂಡಿಟ್ಟ ಹಣ ಕಟ್ಟಿ ನಾನೂ ಒಂದು ಕೋರ್ಸ್ ಸೇರಿದೆ. ವಿಡಿಯೊ ಎಡಿಟಿಂಗ್, ಥಂಬ್‌ನೇಲ್, ವಾಯ್ಸ್‌ಓವರ್ ಕಲಿತೆ. ಸಂದರ್ಶನದಲ್ಲಿ ಸಂಪಾದಕರು ಪ್ರಮಾಣಪತ್ರ ನೋಡಲೇ ಇಲ್ಲ. ಗ್ರಾಮ ಪಂಚಾಯಿತಿಯೊಂದರ ಜಮಾ–ಖರ್ಚಿನ ಪಟ್ಟಿ ಕೊಟ್ಟು, ಸುದ್ದಿ ಬರೆಯಿರಿ ಎಂದರು. ಅರ್ಧ ಗಂಟೆ ಕುಳಿತರೂ ಮೊದಲ ವಾಕ್ಯ ಹೊಳೆಯಲಿಲ್ಲ.

ಅಲ್ಪಾವಧಿ ಕೋರ್ಸ್‌ಗಳು ವ್ಯರ್ಥವೆಂದಲ್ಲ. ಯುನಿಕೋಡ್‌ನಲ್ಲಿ ಟೈಪ್ ಮಾಡುವುದು, ರಿವರ್ಸ್ ಇಮೇಜ್ ಸರ್ಚ್‌ನಿಂದ ಹಳೆಯ ಫೋಟೊ ಪತ್ತೆ ಹಚ್ಚುವುದು ಕೆಲವೇ ವಾರಗಳಲ್ಲಿ ಕೈಹಿಡಿಯುತ್ತವೆ. 2017ರಲ್ಲಿ ಶುರುವಾದ ಕೇಂದ್ರದ ‘ಸ್ವಯಂ’ ತಾಣದಲ್ಲಿ ಪಾಠ ಉಚಿತ. ಪ್ರಮಾಣಪತ್ರ ಬೇಕಾದರಷ್ಟೇ ಪರೀಕ್ಷಾ ಶುಲ್ಕ. ಗೂಗಲ್ ನ್ಯೂಸ್ ಇನಿಶಿಯೇಟಿವ್‌ನ ಆನ್‌ಲೈನ್ ತರಬೇತಿಯೂ ಉಚಿತ. ಆದರೆ ದಾಖಲೆ ಓದುವ ತಾಳ್ಮೆ, ಎದುರು ನಿಂತು ಪ್ರಶ್ನಿಸುವ ಧೈರ್ಯ ವಿಡಿಯೊ ಪಾಠದಿಂದ ಬರುವುದಿಲ್ಲ.

ರಾಜ್ಯದ ಯುವನಿಧಿಯಲ್ಲಿ ನಿರುದ್ಯೋಗಿ ಪದವೀಧರರಿಗೆ ಸಿಗುವುದು ತಿಂಗಳಿಗೆ 3,000 ರೂಪಾಯಿ, ಅದೂ ಗರಿಷ್ಠ 2 ವರ್ಷ. ಅದನ್ನು ಶುಲ್ಕಕ್ಕೆ ಸುರಿಯುವ ಮುನ್ನ ಒಂದೇ ಪ್ರಶ್ನೆ ಕೇಳಿ: ಇಲ್ಲಿ ನನ್ನ ಬರಹ ತಿದ್ದುವವರು ಯಾರು?

ಈಗ ನಾನು ನಮ್ಮೂರ ಗ್ರಾಮಸಭೆ, ಸಂತೆಗೆ ಹೋಗಿ ವರದಿ ಬರೆದಿಡುತ್ತಿದ್ದೇನೆ. ಮುಂದಿನ ಸಂದರ್ಶನಕ್ಕೆ ಒಯ್ಯುವುದು ಅದನ್ನೇ.